ಹಾಲಿನ ಹನಿ ತೊಟ್ಟ ಕಿರೀಟ

ಪಾತ್ರೆಯಿಂದ ಲೋಟಕ್ಕೆ ಹಾಲು ಬಗ್ಗಿಸುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಸ್ವಲ್ಪ ಹಾಲು ಚೆಲ್ಲುತ್ತದೆ. ತೆಳ್ಳಗೆ ಹರಡಿದ ಆ ಹಾಲಿನ ಮೇಲೆ ಮತ್ತೊಂದು ತೊಟ್ಟು ಬೀಳುತ್ತದೆ. ಸಣ್ಣದೊಂದು ಸದ್ದು, ಸುತ್ತ ಸಿಡಿದ ನಾಲ್ಕೈದು ಬಿಳಿಯ ಚುಕ್ಕೆಗಳು, ಅಷ್ಟೇ. ಬಟ್ಟೆಯಿಂದ ಒರೆಸಿಬಿಟ್ಟರೆ ಮುಗಿಯಿತು. ಆದರೆ ತೊಟ್ಟು ಕೆಳಗೆ ಮುಟ್ಟಿದ ಕ್ಷಣಕ್ಕೂ ಚುಕ್ಕೆಗಳು ಕಾಣಿಸಿದ ಕ್ಷಣಕ್ಕೂ ನಡುವೆ ಅಲ್ಲಿ ಏನು ನಡೆಯಿತು? ಹಾಲಿನ ಗೋಡೆಯೊಂದು ವೃತ್ತಾಕಾರವಾಗಿ ಮೇಲೆದ್ದಿತು. ಗೋಡೆಯ ಅಂಚಿನಲ್ಲಿ ಕೋಡುಗಳು ಮೂಡಿದವು. ಕೋಡುಗಳ ತುದಿಯಲ್ಲಿ ಮುತ್ತಿನಂಥ ಹನಿಗಳು ಕಟ್ಟಿ, ಕಳಚಿ ಹಾರಿದವು. ಕೊನೆಗೆ ಗೋಡೆ ಕುಸಿಯಿತು. ರಾಜರ ತಲೆಯ ಮೇಲಿನ ಕಿರೀಟವನ್ನೇ ಹೋಲುವ ಈ ರಚನೆ ಹುಟ್ಟಿ ಅಳಿಯಲು ಬೇಕಾದದ್ದು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ. ಅಲ್ಲೇ ನೋಡುತ್ತ ನಿಂತವರ ಕಣ್ಣಿಗೂ ಅದು ಬೀಳುವುದಿಲ್ಲ.

ಇದಕ್ಕೆ ಕಾರಣ ಕಣ್ಣಿನ ಸ್ವಭಾವ. ಅಕ್ಷಿಪಟಲದ ಮೇಲೆ ಮೂಡಿದ ಬಿಂಬದ ಅನುಭವ ತಕ್ಷಣ ಅಳಿಸಿಹೋಗುವುದಿಲ್ಲ. ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಅದು ಉಳಿದಿರುತ್ತದೆ. ದೀಪಾವಳಿಯಲ್ಲಿ ಮಕ್ಕಳು ಸುರುಸುರು ಬತ್ತಿಯನ್ನು ಗಿರ್ರನೆ ತಿರುಗಿಸಿದಾಗ ಬೆಂಕಿಯ ಬಳೆ ಕಾಣುವುದು ಇದರಿಂದಲೇ. ಬೇಗ ಬೇಗ ನಡೆಯುವ ಘಟನೆಗಳ ಬಿಂಬಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಕಲಸಿಹೋದ ಜಾಗವನ್ನು ಮನಸ್ಸು ತನಗೆ ತೋಚಿದಂತೆ ತುಂಬಿಕೊಳ್ಳುತ್ತದೆ. ಎಡವಟ್ಟಾಗುವುದು ಈ ತುಂಬಿಕೊಳ್ಳುವ ಕೆಲಸದಲ್ಲಿಯೇ.

ಕತ್ತಲೆ ಕೋಣೆಯ ಚಿತ್ರಕಾರ

1870ರ ದಶಕದ ಇಂಗ್ಲೆಂಡ್. ಮಸಿ ಹಿಡಿಸಿದ ಗಾಜಿನ ಮೇಲೆ ಅಕಸ್ಮಾತ್ತಾಗಿ ಶಾಯಿಯ ಹನಿಗಳು ಬಿದ್ದು ವಿಚಿತ್ರವಾದ ಗುರುತುಗಳು ಮೂಡಿದ್ದನ್ನು ಶಾಲಾ ಬಾಲಕನೊಬ್ಬ ಗಮನಿಸಿದ. ಆ ಗುರುತುಗಳ ಬೆನ್ನು ಹತ್ತಿದವರು ಆರ್ಥರ್ ವರ್ದಿಂಗ್ಟನ್ ಎಂಬ ಭೌತವಿಜ್ಞಾನಿ. ಮುಂದೆ ಅವರು ಡೆವನ್‌ಪೋರ್ಟ್‌ನಲ್ಲಿದ್ದ ನೌಕಾಪಡೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಹನಿ ಬಿದ್ದಾಗ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯ ಮೇಲೆ ಅವರು ಸುಮಾರು ಮೂರು ದಶಕಗಳ ಕಾಲ ಮತ್ತೆ ಮತ್ತೆ ಕೆಲಸ ಮಾಡಿದರು.

ಅವರ ವಿಧಾನ ಸರಳವಾಗಿತ್ತು, ಆದರೆ ಅಪಾರ ತಾಳ್ಮೆ ಬೇಡುತ್ತಿತ್ತು. ಕೋಣೆಯನ್ನು ಪೂರ್ತಿ ಕತ್ತಲು ಮಾಡುವುದು. ಒಂದು ಹನಿಯನ್ನು ನಿಗದಿತ ಎತ್ತರದಿಂದ ಬಿಡುವುದು. ಅದು ಕೆಳಗೆ ತಾಗಿದ ನಂತರ ಇಂತಿಷ್ಟೇ ಕಾಲಕ್ಕೆ ಒಂದು ವಿದ್ಯುತ್ ಕಿಡಿ ಹಾರುವಂತೆ ಏರ್ಪಾಡು ಮಾಡುವುದು. ಕಿಡಿಯ ಬೆಳಕು ಇರುವುದು ಕ್ಷಣದ ಅತ್ಯಲ್ಪ ಭಾಗ ಮಾತ್ರ. ಹಿಂದೆಯೂ ಕತ್ತಲೆ, ಮುಂದೆಯೂ ಕತ್ತಲೆ. ಹಾಗಾಗಿ ಕಣ್ಣಿನಲ್ಲಿ ಉಳಿಯುವುದು ಆ ಒಂದೇ ನೋಟ. ಅದು ಮಾಸುವ ಮೊದಲೇ ಅವರು ಪೆನ್ಸಿಲಿನಿಂದ ಚಿತ್ರ ಬರೆಯುತ್ತಿದ್ದರು. ಮುಂದಿನ ಹನಿಗೆ ಕಿಡಿಯನ್ನು ತುಸು ತಡವಾಗಿ ಹಾರಿಸುವುದು, ಮತ್ತೆ ಬರೆಯುವುದು. ಹೀಗೆ ನೂರಾರು ಹನಿಗಳಿಂದ ಒಂದು ಹನಿಯ ಜೀವನಚರಿತ್ರೆ ಸಿದ್ಧವಾಗುತ್ತಿತ್ತು.

ಆ ಚಿತ್ರಗಳು ಬಹಳ ಚೆಲುವಾಗಿದ್ದವು. ಹನಿ ಚಪ್ಪಟೆಯಾಗಿ ಹರಡಿದಾಗ ಅದರ ಸುತ್ತ ಮೂಡುವ ಕಿರಣಗಳೆಲ್ಲ ಒಂದೇ ಉದ್ದ, ಒಂದೇ ದಪ್ಪ, ಒಂದೇ ಅಂತರ. ಮನೆಯಂಗಳದಲ್ಲಿ ಅಳೆದು ಬಿಟ್ಟ ರಂಗೋಲಿಯಂತೆ ಅಚ್ಚುಕಟ್ಟು.

1894ರ ಹೊತ್ತಿಗೆ ಛಾಯಾಚಿತ್ರದ ಫಲಕಗಳು ಸಾಕಷ್ಟು ಸೂಕ್ಷ್ಮಗ್ರಾಹಿಯಾಗಿದ್ದವು. ವರ್ದಿಂಗ್ಟನ್ ಅದೇ ಕಿಡಿಯ ಬೆಳಕಿನಲ್ಲಿ, ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ, ಹನಿಗಳ ಛಾಯಾಚಿತ್ರ ತೆಗೆದರು. ಚಿತ್ರಗಳನ್ನು ತೊಳೆದು ನೋಡಿದರೆ ರಂಗೋಲಿ ಮಾಯವಾಗಿತ್ತು! ಕಿರೀಟದ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಒಂದು ಕೋಡು ನೀಳ, ಪಕ್ಕದ್ದು ಮೊಂಡು, ಮತ್ತೊಂದು ಸೊಟ್ಟ. ಎಷ್ಟು ಸಲ ತೆಗೆದರೂ ಹೀಗೆಯೇ.

ವರ್ದಿಂಗ್ಟನ್ ತಮ್ಮ ಹಳೆಯ ಚಿತ್ರಗಳತ್ತ ಹಿಂದಿರುಗಿ ನೋಡಿದರು. ಅಲ್ಲಿ ಸೊಟ್ಟ ಚಿತ್ರಗಳೂ ಬೇಕಾದಷ್ಟಿದ್ದವು. ಕಣ್ಣು ಅವನ್ನು ಕಂಡಿತ್ತು, ಕೈ ಬರೆದೂ ಇತ್ತು. ಆದರೆ ‘ಇದು ಆಕಸ್ಮಿಕ, ಈ ಹನಿ ಸರಿಯಾಗಿ ಬೀಳಲಿಲ್ಲ’ ಎಂದುಕೊಂಡು ಅವರು ಅಂಥವನ್ನು ಪಕ್ಕಕ್ಕೆ ಸರಿಸಿ, ಅಚ್ಚುಕಟ್ಟಾದವನ್ನು ಮಾತ್ರ ಆರಿಸಿ ಪ್ರಕಟಿಸಿದ್ದರು. ಪ್ರಾಮಾಣಿಕರೂ ಪರಿಶ್ರಮಿಯೂ ಆದ ವಿಜ್ಞಾನಿ ಯಾರಿಗೂ ಮೋಸ ಮಾಡಬೇಕೆಂದಿರಲಿಲ್ಲ. ಹನಿಯೆಂದರೆ ಹೀಗಿರಬೇಕು ಎಂಬ ಚಿತ್ರ ಮನಸ್ಸಿನಲ್ಲಿ ಮೊದಲೇ ಇತ್ತು. ಅದಕ್ಕೆ ಹೊಂದಿದ್ದು ‘ಸರಿ’, ಹೊಂದದ್ದು ‘ತಪ್ಪು’ ಎಂದಾಗಿಬಿಟ್ಟಿತು. ಇದನ್ನು ಅವರು ಮುಚ್ಚಿಡಲಿಲ್ಲ ಎಂಬುದು ದೊಡ್ಡ ವಿಷಯ. ಹಳೆಯ ಚಿತ್ರಗಳ ಜೊತೆಗೆ ಹೊಸ ಛಾಯಾಚಿತ್ರಗಳನ್ನೂ ಪ್ರಕಟಿಸಿ ವ್ಯತ್ಯಾಸವನ್ನು ಬಹಿರಂಗವಾಗಿಯೇ ಹೇಳಿದರು. 1908ರಲ್ಲಿ ಅವರ ಪುಸ್ತಕ ಹೊರಬಂದಾಗ ಅದರ ತುಂಬ ಇದ್ದದ್ದು ಛಾಯಾಚಿತ್ರಗಳು.

ಸೊಟ್ಟ ಏಕೆ?

ಕಿರೀಟ ಸೊಟ್ಟಗಿರುವುದಕ್ಕೂ ಭೌತವಿಜ್ಞಾನದಲ್ಲಿ ಕಾರಣವಿದೆ. ದ್ರವದ ಮೇಲ್ಮೈ ಬಿಗಿದು ಕಟ್ಟಿದ ರಬ್ಬರಿನ ಪೊರೆಯಂತೆ ತನ್ನ ವಿಸ್ತೀರ್ಣವನ್ನು ಕಡಿಮೆ ಮಾಡಿಕೊಳ್ಳಲು ಸದಾ ಎಳೆಯುತ್ತಿರುತ್ತದೆ. ಇದೇ ಮೇಲ್ಮೈ ಎಳೆತ. ಮೇಲೆದ್ದ ಹಾಲಿನ ಗೋಡೆಯ ಅಂಚನ್ನು ಈ ಎಳೆತ ಉರುಟಾದ ಹಗ್ಗದಂತೆ ಮಾಡುತ್ತದೆ. ಆದರೆ ದ್ರವದ ಹಗ್ಗ ಹಗ್ಗವಾಗಿ ಉಳಿಯಲಾರದು. ಅಷ್ಟೇ ದ್ರವ ಬಿಡಿ ಬಿಡಿ ಮಣಿಗಳಾದರೆ ಒಟ್ಟು ಮೇಲ್ಮೈ ಇನ್ನೂ ಕಡಿಮೆಯಾಗುತ್ತದೆ. ನಲ್ಲಿಯನ್ನು ಸಣ್ಣಗೆ ತಿರುಗಿಸಿ ನೋಡಿ. ಮೇಲೆ ಗಾಜಿನ ಕಡ್ಡಿಯಂತೆ ನಯವಾಗಿರುವ ಧಾರೆ, ಸ್ವಲ್ಪ ಕೆಳಗೆ ಬರುವಷ್ಟರಲ್ಲಿ ಹನಿಗಳ ಸಾಲಾಗುತ್ತದೆ. ಅಲ್ಲಿ ನಡೆಯುವುದೂ ಕಿರೀಟದ ಅಂಚಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಒಂದೇ.

ಹಗ್ಗ ಎಲ್ಲಿ ಉಬ್ಬಬೇಕು, ಎಲ್ಲಿ ಸಣ್ಣಗಾಗಬೇಕು ಎಂಬುದನ್ನು ತೀರ್ಮಾನಿಸುವುದು ಮೊದಲಿನಿಂದಲೇ ಇದ್ದ ಕಾಣದಷ್ಟು ಸಣ್ಣ ಏರುಪೇರುಗಳು: ಹನಿಯ ತುಸು ನಡುಕ, ಒಂದು ಧೂಳಿನ ಕಣ, ಬಿದ್ದ ಜಾಗದ ಒರಟು. ಉಬ್ಬಿದ ಕಡೆ ಇನ್ನಷ್ಟು ಉಬ್ಬುತ್ತದೆ, ಸಣ್ಣಗಾದ ಕಡೆ ಇನ್ನಷ್ಟು ಸಣ್ಣಗಾಗುತ್ತದೆ. ಆದ್ದರಿಂದ ಕೋಡುಗಳ ಸರಾಸರಿ ಅಂತರಕ್ಕೆ ಒಂದು ನಿಯಮವಿದ್ದರೂ ಪ್ರತಿಯೊಂದು ಕೋಡೂ ಸಮನಾಗಿರಬೇಕೆಂಬ ನಿಯಮವಿಲ್ಲ. ವರ್ದಿಂಗ್ಟನ್ ಮೊದಲು ‘ಆಕಸ್ಮಿಕ’ ಎಂದು ತಳ್ಳಿಹಾಕಿದ ಸೊಟ್ಟಿನಲ್ಲೇ ಕಿರೀಟ ಹೇಗೆ ಹುಟ್ಟುತ್ತದೆ ಎಂಬುದರ ಸುಳಿವಿತ್ತು.

ಹೊಟ್ಟೆಯಡಿ ಮಡಚಿದ ಕಾಲುಗಳು

ಮನಸ್ಸು ಮೊದಲೇ ಬರೆದಿಟ್ಟ ಚಿತ್ರವನ್ನು ಕ್ಯಾಮರಾ ತಿದ್ದಿದ್ದು ಇದೇ ಮೊದಲಲ್ಲ. ನಾಗಾಲೋಟದಲ್ಲಿ ಓಡುವ ಕುದುರೆಯ ನಾಲ್ಕೂ ಕಾಲುಗಳು ಯಾವಾಗಲಾದರೂ ನೆಲ ಬಿಟ್ಟಿರುತ್ತವೆಯೇ ಎಂಬುದು ಅಮೆರಿಕದಲ್ಲಿ ಚರ್ಚೆಯ ವಿಷಯವಾಗಿತ್ತು. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಎಂಬಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ದಾರಿಯ ಪಕ್ಕದಲ್ಲಿ 12 ಕ್ಯಾಮರಾಗಳನ್ನು ಸಾಲಾಗಿ ಇಟ್ಟ. ದಾರಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದ. ಕುದುರೆ ಓಡುತ್ತ ಒಂದೊಂದು ದಾರವನ್ನು ತಾಗಿದಂತೆ ಒಂದೊಂದು ಕ್ಯಾಮರಾದ ಷಟರ್ ತೆರೆದು ಮುಚ್ಚಿತು.

ನಾಲ್ಕೂ ಕಾಲು ನೆಲ ಬಿಡುವುದು ನಿಜವೆಂದು ಗೊತ್ತಾಯಿತು. ಜೊತೆಗೆ ಯಾರೂ ಎಣಿಸಿರದ ಇನ್ನೊಂದು ಸಂಗತಿಯೂ ಗೊತ್ತಾಯಿತು. ಓಡುವ ಕುದುರೆಯನ್ನು ಚಿತ್ರಕಾರರು ತಲೆತಲಾಂತರದಿಂದ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. ಛಾಯಾಚಿತ್ರದಲ್ಲಿ ಕುದುರೆ ಗಾಳಿಯಲ್ಲಿದ್ದದ್ದು ಕಾಲು ಚಾಚಿದಾಗಲ್ಲ, ನಾಲ್ಕನ್ನೂ ಹೊಟ್ಟೆಯಡಿಗೆ ಮಡಚಿಕೊಂಡಾಗ! ಸಾವಿರಾರು ವರ್ಷ ಕುದುರೆಯ ಜೊತೆಗೇ ಬಾಳಿದ ಮನುಷ್ಯನಿಗೆ ಅದರ ಓಟ ಸರಿಯಾಗಿ ಕಂಡಿರಲಿಲ್ಲ.

ಮಿಣುಕು ಬೆಳಕಿನ ಉಪಯೋಗ

ವರ್ದಿಂಗ್ಟನ್ನರ ಕಿಡಿಯನ್ನು ಬೇಕೆಂದಾಗ, ಬೇಕಾದಷ್ಟು ಸಲ ಬೆಳಗುವ ದೀಪವಾಗಿ ಮಾರ್ಪಡಿಸಿದವರು ಅಮೆರಿಕದ ವಿದ್ಯುತ್ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಅವರಿಗೆ ಮೊದಲು ಬೇಕಾಗಿದ್ದದ್ದು ಹಾಲೂ ಅಲ್ಲ, ಕಿರೀಟವೂ ಅಲ್ಲ; ತಿರುಗುವ ವಿದ್ಯುತ್ ಮೋಟರನ್ನು ನಿಲ್ಲಿಸದೆಯೇ ಪರೀಕ್ಷಿಸುವ ಉಪಾಯ. ಮೋಟರು ಒಂದು ಸುತ್ತು ಮುಗಿಸುವಷ್ಟು ಹೊತ್ತಿಗೆ ಸರಿಯಾಗಿ ದೀಪ ಒಮ್ಮೆ ಮಿನುಗಿದರೆ, ಪ್ರತಿ ಸಲವೂ ಅದು ಒಂದೇ ಸ್ಥಿತಿಯಲ್ಲಿ ಕಾಣುತ್ತದೆ. ಅಂದರೆ ನಿಂತಂತೆ ಕಾಣುತ್ತದೆ. 1931ರಲ್ಲಿ ಅವರು ರೂಪಿಸಿದ ಈ ಉಪಕರಣವೇ ವಿದ್ಯುನ್ಮಾನ ಸ್ಟ್ರೋಬೊಸ್ಕೋಪ್.

ಈ ತತ್ತ್ವ ಕಾರ್ಖಾನೆಗಳಲ್ಲಿ ಅಪಾಯವನ್ನೂ ತರಬಲ್ಲದು. ಹಳೆಯ ಮಾದರಿಯ ಚೋಕ್ ಇರುವ ಟ್ಯೂಬ್‌ಲೈಟು ನಮ್ಮ 50 ಆವರ್ತದ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಲೇಥ್ ಯಂತ್ರದಲ್ಲಿ ಕೆಲಸದ ತುಂಡನ್ನು ಹಿಡಿಯುವ ಚಕ್‌ಗೆ ನಾಲ್ಕು ದವಡೆಗಳಿದ್ದು ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ 25 ಸುತ್ತು. ಒಂದು ದವಡೆಯಿದ್ದ ಜಾಗಕ್ಕೆ ಮುಂದಿನ ದವಡೆ ಬರುವುದು ಸೆಕೆಂಡಿಗೆ 100 ಸಲ. ಟ್ಯೂಬ್‌ಲೈಟಿನ ಮಿಣುಕಿಗೆ ಅದು ಸರಿಯಾಗಿ ತಾಳೆಯಾಗಿ, ತಿರುಗುತ್ತಿರುವ ಚಕ್ ನಿಂತಂತೆ ಕಾಣಬಹುದು. ನಂಬಿ ಕೈಯಿಟ್ಟರೆ ಕೈ ಹೋಯಿತು. ಆದ್ದರಿಂದಲೇ ಇಂಥ ಯಂತ್ರಗಳ ಮೇಲೆ ಮಿನುಗದ ಬೆಳಕು ಇರಬೇಕೆಂಬ ಎಚ್ಚರಿಕೆ. ಕಣ್ಣಾರೆ ಕಂಡದ್ದೂ ಪ್ರಮಾಣವಲ್ಲದ ಸಂದರ್ಭ ಇದು.

ಎಡ್ಜರ್ಟನ್ ತಮ್ಮ ದೀಪವನ್ನು 1930ರ ದಶಕದಲ್ಲೇ ಹಾಲಿನ ಹನಿಯ ಕಡೆಗೂ ತಿರುಗಿಸಿದರು. 40 ಸೆಂ.ಮೀ. ಎತ್ತರದಿಂದ ಬಿದ್ದ ಹನಿ ಕೆಳಗೆ ತಾಗುವಾಗ ಅದರ ವೇಗ ಸೆಕೆಂಡಿಗೆ ಸುಮಾರು 2.8 ಮೀಟರ್. ಕ್ಯಾಮರಾ ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಹನಿ 4.7 ಸೆಂ.ಮೀ. ಸರಿದು ಚಿತ್ರದಲ್ಲಿ ಬರೀ ಗೆರೆಯಾಗುತ್ತದೆ. ಬೆಳಕು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಮಾತ್ರ ಇದ್ದರೆ ಹನಿ ಸರಿಯುವುದು 0.03 ಮಿ.ಮೀ.ಗೂ ಕಡಿಮೆ; ತಲೆಗೂದಲಿನ ದಪ್ಪಕ್ಕಿಂತ ಕಿರಿದು. ಹನಿ ಅಲ್ಲಾಡದೆ ನಿಂತಂತೆ ಮೂಡುತ್ತದೆ. ಕೆಂಪು ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆಯುವ ಅವರ 1957ರ ‘ಹಾಲಿನ ಕಿರೀಟ’ ಜಗತ್ಪ್ರಸಿದ್ಧ. ಹತ್ತಿರದಿಂದ ನೋಡಿದರೆ ಅದರ ಮಣಿಗಳೂ ಪೂರ್ತಿ ಸಮವಾಗಿಲ್ಲ.

ಇದೇ ಮಿಣುಕು ಬೆಳಕು ಶಾಲೆಯ ಪಾಠಕ್ಕೂ ಬಂತು. 1960ರಲ್ಲಿ ಅಮೆರಿಕದಲ್ಲಿ ಹೊರಬಂದ ಪಿ.ಎಸ್.ಎಸ್.ಸಿ. ಭೌತಶಾಸ್ತ್ರ ಪಠ್ಯಪುಸ್ತಕದ ಒಂದು ಚಿತ್ರವನ್ನು ಅನೇಕ ಅಧ್ಯಾಪಕರು ಬಲ್ಲರು. ಎರಡು ಚೆಂಡುಗಳು. ಒಂದನ್ನು ಸುಮ್ಮನೆ ಕೈಬಿಡಲಾಗಿದೆ. ಅದೇ ಕ್ಷಣದಲ್ಲಿ ಇನ್ನೊಂದನ್ನು ಅಡ್ಡಕ್ಕೆ ಚಿಮ್ಮಿಸಲಾಗಿದೆ. ಸೆಕೆಂಡಿನ 30ರಲ್ಲಿ ಒಂದು ಭಾಗಕ್ಕೊಮ್ಮೆ ದೀಪ ಮಿನುಗಿದೆ. ಒಂದು ಚೆಂಡು ನೆಟ್ಟಗೆ ಇಳಿದಿದೆ, ಇನ್ನೊಂದು ಬಿಲ್ಲಿನಂತೆ ಬಾಗಿ ದೂರ ಹೋಗಿದೆ. ಆದರೆ ಪ್ರತಿ ಮಿಣುಕಿನಲ್ಲೂ ಎರಡೂ ಒಂದೇ ಎತ್ತರದಲ್ಲಿವೆ. ಅಡ್ಡ ಚಲನೆ ಬೀಳುವ ಚಲನೆಗೆ ಅಡ್ಡಿಯಲ್ಲ ಎಂಬ ಒಂದು ಪುಟದ ವಿವರಣೆಯನ್ನು ಆ ಚಿತ್ರ ಒಂದೇ ನೋಟದಲ್ಲಿ ಹೇಳಿಬಿಡುತ್ತದೆ.

ಬಾಲವಿಲ್ಲದ ಮಳೆಹನಿ

ಮಳೆಹನಿಯ ಚಿತ್ರ ಬರೆಯಿರಿ ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಮೇಲೆ ಚೂಪು, ಕೆಳಗೆ ದುಂಡಗಿನ ಆಕಾರ ಬರೆಯುತ್ತಾರೆ. ಹವಾಮಾನದ ನಕ್ಷೆಯಲ್ಲೂ ನೀರು ಉಳಿಸಿ ಎನ್ನುವ ಭಿತ್ತಿಪತ್ರದಲ್ಲೂ ಅದೇ ಚಿತ್ರ. ಬೀಳುವ ಹನಿಗಳನ್ನು ಅತಿ ವೇಗದ ಕ್ಯಾಮರಾದಲ್ಲಿ ಸೆರೆಹಿಡಿದಾಗ ಅಂಥ ಬಾಲದ ಹನಿ ಸಿಗುವುದೇ ಇಲ್ಲ. ಸುಮಾರು 2 ಮಿ.ಮೀ.ಗಿಂತ ಚಿಕ್ಕ ಹನಿಗಳು ಹೆಚ್ಚುಕಡಿಮೆ ಗೋಲಿಯಂತೆ ದುಂಡಗಿರುತ್ತವೆ. ಅದಕ್ಕೂ ದೊಡ್ಡವು ಕೆಳಗಿನಿಂದ ಒತ್ತುವ ಗಾಳಿಗೆ ತಳ ಚಪ್ಪಟೆಯಾಗಿ, ತಟ್ಟೆಯಲ್ಲಿ ಕವುಚಿಟ್ಟ ಇಡ್ಲಿಯಂತಾಗುತ್ತವೆ. 5–6 ಮಿ.ಮೀ. ದಾಟಿದರೆ ಮೇಲ್ಮೈ ಎಳೆತಕ್ಕೆ ಅವನ್ನು ಹಿಡಿದಿಡಲು ಕಷ್ಟ, ಒಡೆದು ಚೂರಾಗುತ್ತವೆ. ಆಗುಂಬೆಯಲ್ಲಿ ಎಷ್ಟೇ ಜೋರಾಗಿ ಸುರಿದರೂ ನಿಂಬೆಹಣ್ಣಿನ ಗಾತ್ರದ ಹನಿ ಬೀಳದಿರುವುದು ಇದರಿಂದಲೇ. ಹನಿಗೆ ಬಾಲವಿರುವುದು ನಲ್ಲಿಯ ತುದಿಯಿಂದ ಕಳಚಿಕೊಳ್ಳುವ ಆ ಕ್ಷಣದಲ್ಲಿ ಮಾತ್ರ. ಅಲ್ಲಿ ಕಂಡ ಆಕಾರವನ್ನೇ ಮನಸ್ಸು ಆಕಾಶಕ್ಕೂ ಅಂಟಿಸಿದೆ.

ಕ್ಯಾಮರಾ ಹೇಳುವ ಸುಳ್ಳು

ಹಾಗಾದರೆ ಕಣ್ಣಿಗಿಂತ ಕ್ಯಾಮರಾ ಮೇಲು, ಅದು ತೋರಿಸಿದ್ದೇ ಸತ್ಯ ಎನ್ನೋಣವೇ? ಅವಸರ ಬೇಡ.

ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ಟೇಬಲ್ ಫ್ಯಾನು ತಿರುಗುತ್ತಿರುವಾಗ ಮೊಬೈಲಿನಿಂದ ಒಂದು ಚಿತ್ರ ತೆಗೆಯಿರಿ. ಫ್ಯಾನಿನ ರೆಕ್ಕೆಗಳು ಕುಡುಗೋಲಿನಂತೆ ಬಾಗಿ ಕಾಣಬಹುದು. ಒಂದು ದಪ್ಪಗೆ, ಇನ್ನೊಂದು ಸಪೂರವಾಗಿ ಮೂಡಬಹುದು. ಫ್ಯಾನು ನಿಲ್ಲಿಸಿ ನೋಡಿದರೆ ರೆಕ್ಕೆಗಳಿಗೆ ಏನೂ ಆಗಿಲ್ಲ. ಮೊಬೈಲಿನ ಕ್ಯಾಮರಾ ಇಡೀ ಚಿತ್ರವನ್ನು ಒಟ್ಟಿಗೇ ದಾಖಲಿಸುವುದಿಲ್ಲ. ಪುಸ್ತಕ ಓದುವವರಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತ ಹೋಗುತ್ತದೆ. ಓದಿ ಮುಗಿಸಲು ಸೆಕೆಂಡಿನ 50ರಲ್ಲಿ ಒಂದು ಭಾಗ ಬೇಕು, ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಮೊದಲ ಸಾಲು ಓದಿದಾಗ ರೆಕ್ಕೆ ಇದ್ದ ಜಾಗಕ್ಕೂ ಕೊನೆಯ ಸಾಲು ಓದಿದಾಗ ಇದ್ದ ಜಾಗಕ್ಕೂ 36 ಡಿಗ್ರಿ ವ್ಯತ್ಯಾಸ! ಬೇರೆ ಬೇರೆ ಕ್ಷಣಗಳ ಸಾಲುಗಳನ್ನು ಒಂದೇ ಚಿತ್ರದಲ್ಲಿ ಹೊಲಿದರೆ ನೆಟ್ಟಗಿನ ರೆಕ್ಕೆ ಬಾಗದೆ ಇನ್ನೇನಾದೀತು?

ಇದು ಮೊಬೈಲು ತಂದ ಹೊಸ ರೋಗವೂ ಅಲ್ಲ. 1910ರ ದಶಕದಲ್ಲಿ ಫ್ರಾನ್ಸಿನ ಜಾಕ್ ಆಂರಿ ಲಾರ್ತೀಗ್ ಹದಿಹರೆಯದಲ್ಲೇ ತೆಗೆದ ರೇಸ್ ಕಾರಿನ ಚಿತ್ರ ಪ್ರಸಿದ್ಧವಾಗಿದೆ. ಅದರಲ್ಲಿ ಕಾರಿನ ಚಕ್ರ ಮೊಟ್ಟೆಯಾಕಾರದಲ್ಲಿ ಮುಂದಕ್ಕೆ ವಾಲಿದೆ, ದಡದಲ್ಲಿ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅಂದಿನ ಷಟರ್ ಒಂದು ಸಪೂರ ಸೀಳು. ಅದು ಫಲಕದ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಚಕ್ರದ ಕೆಳಭಾಗ ಮೊದಲು ದಾಖಲಾಗಿ, ಮೇಲ್ಭಾಗ ದಾಖಲಾಗುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಕಾರಿನ ಜೊತೆಗೆ ಕ್ಯಾಮರಾವನ್ನೂ ತಿರುಗಿಸಿದ್ದರಿಂದ ನಿಂತ ಜನ ಎದುರು ದಿಕ್ಕಿಗೆ ವಾಲಿದರು.

ಆದ್ದರಿಂದ ಛಾಯಾಚಿತ್ರ ಸಾಕ್ಷಿಯಾಗುವುದು, ಅದನ್ನು ಹೇಗೆ ತೆಗೆದರು ಎಂಬುದು ಗೊತ್ತಿದ್ದಾಗ. ಸಾಕ್ಷಿಯನ್ನು ತಿದ್ದುವುದು ಬೇಡ, ಸಾಕ್ಷಿಯ ಸ್ವಭಾವವನ್ನು ತಿಳಿಯುವುದು ಬೇಕು. ಇದನ್ನು ಮನೆಯಲ್ಲೇ ಮಾಡಿ ನೋಡಲು ಒಂದು ಪ್ರಯೋಗವಿದೆ.

ಟೇಪು, ಚೆಂಡು, ಮೊಬೈಲು

ಬೀಳುವ ವಸ್ತುವನ್ನು ನೇರವಾಗಿ ಅಳೆಯುವಷ್ಟು ಸೂಕ್ಷ್ಮ ಗಡಿಯಾರ ಗೆಲಿಲಿಯೋನ ಬಳಿ ಇರಲಿಲ್ಲ. ಇಳಿಜಾರಿನಲ್ಲಿ ಗುಂಡುಗಳನ್ನು ಉರುಳಿಸಿ, ಸಣ್ಣ ಕೊಳವೆಯಿಂದ ಹರಿದ ನೀರನ್ನು ತೂಗಿ ಅವನು ಕಾಲವನ್ನು ಅಳೆದ. 1638ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದ. ಇಂದು ಸಾಮಾನ್ಯ ಮೊಬೈಲಿನ ವೀಡಿಯೋ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅಪ್ಪನದೋ ಅಮ್ಮನದೋ ಮೊಬೈಲು ಅರ್ಧ ಗಂಟೆ ಸಿಕ್ಕರೆ ಸಾಕು.

ಬಿಸಿಲು ಚೆನ್ನಾಗಿ ಬೀಳುವ ಗೋಡೆಗೆ ದರ್ಜಿಯ ಟೇಪನ್ನು, ಸೊನ್ನೆ ಮೇಲೆ ಬರುವಂತೆ, ನೆಟ್ಟಗೆ ಅಂಟಿಸಿ. ಮೊಬೈಲನ್ನು ಎರಡು ಮೂರು ಮೀಟರ್ ದೂರದಲ್ಲಿ, ಟೇಪಿನ ನಡುಮಟ್ಟಕ್ಕೆ, ಅಲ್ಲಾಡದಂತೆ ಸ್ಟೂಲಿನ ಮೇಲೆ ಇಡಿ. ಚೆಂಡಿನ ತಳ ಸೊನ್ನೆಗೆ ಬರುವಂತೆ ಹಿಡಿದು, ವೀಡಿಯೋ ಶುರುವಾದ ಮೇಲೆ ಕೈಬಿಡಿ. ಆಮೇಲೆ ಒಂದೊಂದೇ ಚಿತ್ರವಾಗಿ ಮುಂದೆ ಸರಿಸುವ ಸೌಲಭ್ಯವಿರುವ ಪ್ಲೇಯರಿನಲ್ಲಿ ನೋಡಿ. ಚೆಂಡು ಇನ್ನೂ ಸೊನ್ನೆಯಲ್ಲಿರುವಂತೆ ಕಾಣುವ ಕೊನೆಯ ಚಿತ್ರವನ್ನು ಆರಂಭವೆಂದು ತೆಗೆದುಕೊಳ್ಳಿ. ಅಲ್ಲಿಂದ 3ನೇ, 6ನೇ, 9ನೇ, 12ನೇ ಚಿತ್ರಗಳಲ್ಲಿ ಚೆಂಡಿನ ತಳ ಎಲ್ಲಿದೆ ಎಂದು ಬರೆದುಕೊಳ್ಳಿ. ಮೂರು ಚಿತ್ರಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ.

ಪುಸ್ತಕದ ಸೂತ್ರದಂತೆ ಬರಬೇಕಾದ ದೂರಗಳು 4.9, 19.6, 44.1, 78.4 ಸೆಂ.ಮೀ. ಆದರೆ ಟೇಪಿನ ಮೇಲೆ ಬೇರೆ ಸಂಖ್ಯೆಗಳೇ ಕಾಣುವ ಸಂಭವ ಹೆಚ್ಚು. ಉದಾಹರಣೆಗೆ 6.7, 23.0, 49.1, 85.1. ‘ಅಯ್ಯೋ, ತಪ್ಪಾಯಿತು’ ಎನಿಸುವುದು ಸಹಜ. ಇಲ್ಲೇ ತುಸು ನಿಲ್ಲಬೇಕು.

ಬೆರಳು ಚೆಂಡನ್ನು ಬಿಡುವ ಕ್ಷಣಕ್ಕೂ ಕ್ಯಾಮರಾ ಚಿತ್ರ ತೆಗೆಯುವ ಕ್ಷಣಕ್ಕೂ ಒಪ್ಪಂದವೇನೂ ಇಲ್ಲ. ನಾವು ಆರಂಭವೆಂದುಕೊಂಡ ಚಿತ್ರಕ್ಕಿಂತ ಸೆಕೆಂಡಿನ 60ರಲ್ಲಿ ಒಂದು ಭಾಗ ಮೊದಲೇ ಚೆಂಡು ಕೈಬಿಟ್ಟಿದ್ದರೆ? ಅಷ್ಟರಲ್ಲಿ ಅದು ಇಳಿದಿರುವುದು ಒಂದೂವರೆ ಮಿ.ಮೀ.ಗೂ ಕಡಿಮೆ, ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ. ಆದರೆ ಆ ಸಣ್ಣ ಮುನ್ನಡೆ ಮುಂದಿನ ಎಲ್ಲ ಅಳತೆಗಳನ್ನೂ ಏರಿಸಿಬಿಡುತ್ತದೆ. ಮೇಲಿನ ನಾಲ್ಕು ಸಂಖ್ಯೆಗಳು ಬರುವುದು ಹಾಗೆಯೇ.

ಈಗ ಪ್ರತಿ ಹತ್ತನೆಯ ಒಂದು ಸೆಕೆಂಡಿನಲ್ಲಿ ಚೆಂಡು ಕ್ರಮಿಸಿದ ದೂರ ಲೆಕ್ಕ ಹಾಕಿ. 23.0ರಲ್ಲಿ 6.7 ಕಳೆದರೆ 16.3. ಮುಂದಿನದು 26.1. ಅದರ ಮುಂದಿನದು 36.0. ಈ ಮೂರರ ನಡುವಿನ ವ್ಯತ್ಯಾಸ ನೋಡಿ: 9.8 ಮತ್ತು 9.9! ಚೆಂಡು ಪ್ರತಿ ಹತ್ತನೆಯ ಒಂದು ಸೆಕೆಂಡಿನಲ್ಲಿ ಹಿಂದಿನದಕ್ಕಿಂತ ಸುಮಾರು 9.8 ಸೆಂ.ಮೀ. ಹೆಚ್ಚು ದೂರ ಸಾಗುತ್ತಿದೆ. ಇದನ್ನು 0.1ರ ವರ್ಗದಿಂದ ಭಾಗಿಸಿದರೆ ಸೆಕೆಂಡಿಗೆ ಸೆಕೆಂಡಿಗೆ 980 ಸೆಂ.ಮೀ., ಅಂದರೆ 9.8 ಮೀಟರ್. ಪುಸ್ತಕದಲ್ಲಿರುವ ಗುರುತ್ವ ವೇಗೋತ್ಕರ್ಷ ಇದೇ. ಕೈಬಿಟ್ಟ ಕ್ಷಣ ಯಾವುದಾದರೂ ಇರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಮನೆಯ ಅಳತೆಯಲ್ಲಿ ಅರ್ಧ ಸೆಂ.ಮೀ. ಆಚೀಚೆ ಆಗಿಯೇ ಆಗುತ್ತದೆ; ವ್ಯತ್ಯಾಸ 9 ಎಂದೂ ಬರಬಹುದು, 10.5 ಎಂದೂ ಬರಬಹುದು. ಐದಾರು ಸಲ ಮಾಡಿ ಸರಾಸರಿ ತೆಗೆದರೆ ಸಂಖ್ಯೆ ನಿಜದ ಹತ್ತಿರ ಸರಿಯುತ್ತದೆ.

ಇನ್ನು ‘ಬುದ್ಧಿವಂತ’ ವಿದ್ಯಾರ್ಥಿಯೊಬ್ಬ ಮೊದಲ ಅಳತೆ 6.7 ಎಂದು ಕಂಡರೂ, ಪುಸ್ತಕದಲ್ಲಿ 4.9 ಇದೆಯೆಂದು ಅದೊಂದನ್ನು ತಿದ್ದಿ ಬರೆದನೆನ್ನಿ. ಆಗ ದೂರಗಳು 18.1, 26.1, 36.0. ವ್ಯತ್ಯಾಸಗಳು 8.0 ಮತ್ತು 9.9. ಲೆಕ್ಕ ಕೆಟ್ಟಿತು. ‘ತಪ್ಪು’ ಎಂದು ಕಂಡ ಅಳತೆಯನ್ನು ಇದ್ದಂತೆಯೇ ಬಿಟ್ಟಿದ್ದರೆ ಸಿಗುತ್ತಿದ್ದ ಸರಿಯುತ್ತರ, ‘ಸರಿ’ ಮಾಡಿದ್ದರಿಂದ ಕೈತಪ್ಪಿತು.

ರೆಕಾರ್ಡ್ ಪುಸ್ತಕದ ಪ್ರಶ್ನೆ

ಪ್ರಯೋಗ ಪರೀಕ್ಷೆ ಹತ್ತಿರ ಬಂದಾಗ ರೆಕಾರ್ಡ್ ಪುಸ್ತಕಗಳಲ್ಲಿ ಏನು ನಡೆಯುತ್ತದೆ ಎಂಬುದು ಗುಟ್ಟಲ್ಲ. ಲೋಲಕದ ಪ್ರಯೋಗದಲ್ಲಿ ಉತ್ತರ 9.8 ಬರಬೇಕೆಂದು ಮೊದಲೇ ಗೊತ್ತಿರುತ್ತದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕಾಲದ ಅಳತೆಗಳನ್ನು ‘ಕೂರಿಸುವ’ ವಿದ್ಯೆ ಹಿರಿಯರಿಂದ ಕಿರಿಯರಿಗೆ ದಾಟಿಬರುತ್ತದೆ. ಪಕ್ಕದವನ ಪುಸ್ತಕ ನೋಡಿ ಬರೆಯುವುದಂತೂ ಇದ್ದದ್ದೇ. ಇದಕ್ಕೆ ಮಕ್ಕಳನ್ನಷ್ಟೇ ದೂರಿ ಫಲವಿಲ್ಲ. ಕಂಡದ್ದನ್ನು ಬರೆದು 9.3 ಎಂದು ಉತ್ತರ ತಂದವನಿಗೆ ಕೆಂಪು ಗೆರೆ, ಕೂರಿಸಿ 9.8 ತಂದವನಿಗೆ ಪೂರ್ತಿ ಅಂಕ ಎಂದಾದರೆ ಮಕ್ಕಳು ಕಲಿಯುವುದು ಭೌತವಿಜ್ಞಾನವನ್ನಲ್ಲ. ‘ಎಷ್ಟು ಬಂತು?’ ಎಂದು ಕೇಳುವ ಮನೆಯವರೂ ಶಾಲೆಯವರೂ ‘ಹೇಗೆ ಬಂತು, ಏಕೆ ಹಾಗೆ ಬಂತು?’ ಎಂದು ಕೇಳತೊಡಗಿದರೆ 9.3 ಬಂದ ಮಗು ದಾರದ ಉದ್ದವನ್ನು ಮತ್ತೊಮ್ಮೆ ಅಳೆಯುತ್ತದೆ. ಗುಂಡಿನ ಕೇಂದ್ರದವರೆಗೆ ಅಳೆಯುವ ಬದಲು ಕೊಕ್ಕೆಯವರೆಗೆ ಮಾತ್ರ ಅಳೆದದ್ದು ಆಗ ತಾನಾಗಿಯೇ ತಿಳಿಯುತ್ತದೆ. ಹಾಗೆ ತಿಳಿದದ್ದು ಮರೆಯುವುದಿಲ್ಲ.

ವರ್ದಿಂಗ್ಟನ್ನರಂಥ ವಿಜ್ಞಾನಿಗೇ ಸೊಟ್ಟ ಹನಿಯನ್ನು ಒಪ್ಪಿಕೊಳ್ಳಲು ಹತ್ತಿಪ್ಪತ್ತು ವರ್ಷ ಬೇಕಾಯಿತು. ಅವರ ಪುಣ್ಯಕ್ಕೆ ಸೊಟ್ಟ ಚಿತ್ರಗಳನ್ನು ಅವರು ಹರಿದು ಎಸೆದಿರಲಿಲ್ಲ. ಹೋಲಿಸಿ ನೋಡಲು ಅವು ಉಳಿದಿದ್ದವು. ವಿದ್ಯಾರ್ಥಿಗಳೂ ಮಾಡಬೇಕಾದದ್ದು ಇಷ್ಟೇ: ಹೊಂದದ ಅಳತೆಯನ್ನು ರಬ್ಬರಿನಿಂದ ಅಳಿಸಬೇಡಿ. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹಾಗೆಯೇ ಇರಲಿ ಬಿಡಿ.